ಧ್ರುವ ನಕ್ಷತ್ರ ಕಾಣದ ತಾರಸಿಯಿಂದ ನೀಹಾರಿಕೆಯ ಫೋಟೊ

ಪ್ರಶ್ನೆ: ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ನನ್ನಲ್ಲಿ ಕ್ಯಾನನ್ 1500ಡಿ ಕ್ಯಾಮೆರಾ, 18–55 ಮತ್ತು 55–250 ಲೆನ್ಸ್‌ಗಳು, ಒಂದು ಸಾಧಾರಣ ಟ್ರೈಪಾಡ್ ಇವೆ. ತಾರಸಿಯಿಂದ ಓರಾಯನ್ ನೀಹಾರಿಕೆ ತೆಗೆಯಲು 250 ಮಿ.ಮೀ.ಗೆ ಇಟ್ಟು, ಐಎಸ್‌ಒ 6400ರಲ್ಲಿ 30 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟೆ. ನಕ್ಷತ್ರಗಳೆಲ್ಲ ಗೆರೆಗಳಾದವು, ಆಕಾಶ ಬೂದುಬಿಳಿ ಬಂತು. ಟ್ರ್ಯಾಕರ್ ಬೇಕು ಎನ್ನುತ್ತಾರೆ, ಆದರೆ ಉತ್ತರಕ್ಕೆ ಪಕ್ಕದವರ ಮೂರಂತಸ್ತಿನ ಮನೆ ಅಡ್ಡವಿದ್ದು ಧ್ರುವ ನಕ್ಷತ್ರ ಕಾಣುವುದೇ ಇಲ್ಲ. ಅರವತ್ತು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಟೆಲಿಸ್ಕೋಪ್ ಕೊಳ್ಳಲೇ? ಪಾಂಡವಪುರದ ಹತ್ತಿರ ಅತ್ತೆಯವರ ತೋಟವಿದೆ, ಅಲ್ಲಿಗೆ ಹೋದರೆ ಪ್ರಯೋಜನ ಉಂಟೇ?

ಉತ್ತರ: ಟೆಲಿಸ್ಕೋಪ್ ಈಗ ಬೇಡ. ನಿಮ್ಮ ದುಡ್ಡು ಮೊದಲು ಹೋಗಬೇಕಾದ್ದು ಕ್ಯಾಮೆರಾವನ್ನು ಆಕಾಶದ ಜತೆ ತಿರುಗಿಸುವ ಟ್ರ್ಯಾಕರಿಗೆ. ಧ್ರುವ ನಕ್ಷತ್ರ ಕಾಣದಿರುವುದು ತೊಡಕು ಹೌದು, ಆದರೆ ದಾರಿ ಇದೆ. ಈ ಹವ್ಯಾಸದ ಪುಸ್ತಕ, ವೀಡಿಯೊಗಳು ಹೆಚ್ಚಾಗಿ 40–50 ಡಿಗ್ರಿ ಅಕ್ಷಾಂಶದಲ್ಲಿ ಕೂತವರು ಮಾಡಿದಂಥವು. ಮೈಸೂರು ಇರುವುದು 12.3 ಡಿಗ್ರಿಯಲ್ಲಿ. ಅವರ ಸಲಹೆಗಳಲ್ಲಿ ಅರ್ಧದಷ್ಟನ್ನು ನಮ್ಮ ತಾರಸಿಗೆ ತಿದ್ದಿಕೊಂಡೇ ಬಳಸಬೇಕು.

ಮೊದಲು ನಿಮ್ಮ ಫೋಟೊದಲ್ಲಿ ಆದದ್ದೇನು ಎಂದು ಲೆಕ್ಕ ಹಾಕೋಣ. 1500ಡಿಯ ಒಂದೊಂದು ಪಿಕ್ಸೆಲ್ ಸುಮಾರು 3.72 ಮೈಕ್ರಾನ್. ಪಿಕ್ಸೆಲ್ ಅಳತೆಯನ್ನು 206ರಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ ಆಕಾಶದ ಎಷ್ಟು ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ಬೀಳುತ್ತದೆ ಎಂಬುದು ಸಿಗುತ್ತದೆ. 250 ಮಿ.ಮೀ.ಗೆ ಅದು 3.07. ಆಕಾಶ ತಿರುಗುವ ವೇಗ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್. ಹಾಗಾಗಿ 30 ಸೆಕೆಂಡಿನಲ್ಲಿ ಪ್ರತಿ ನಕ್ಷತ್ರವೂ ಹತ್ತಿರ ಹತ್ತಿರ 146 ಪಿಕ್ಸೆಲ್ ಎಳೆದುಕೊಂಡು ಹೋಗಿದೆ. ನಿಂತ ಟ್ರೈಪಾಡಿನ ಮೇಲೆ 250 ಮಿ.ಮೀ.ನಲ್ಲಿ ನಕ್ಷತ್ರ ಚುಕ್ಕೆಯಾಗಿ ಉಳಿಯಬೇಕಾದರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ತೆರೆಯುವಂತಿಲ್ಲ. ಅಷ್ಟರಲ್ಲಿ ನೀಹಾರಿಕೆ ಬರುವುದಿಲ್ಲ.

ಬೂದುಬಿಳಿ ಆಕಾಶಕ್ಕೆ ಕಾರಣ ಬೇರೆ. ಬೀದಿ ದೀಪ, ಅಂಗಡಿಗಳ ಬೆಳಕು ಧೂಳು-ತೇವಕ್ಕೆ ತಾಗಿ ಚದುರಿ ಬರುವ ಬೆಳಕು ಅದು. ಐಎಸ್‌ಒ 6400 ಇಟ್ಟದ್ದರಿಂದ ಹೆಚ್ಚು ಬೆಳಕೇನೂ ಒಳಗೆ ಬರಲಿಲ್ಲ; ಬಂದಷ್ಟನ್ನೇ ಹಿಗ್ಗಿಸಿ, ಹೊಳೆಯುವ ನಕ್ಷತ್ರಗಳ ಬಣ್ಣವನ್ನು ಸುಟ್ಟುಹಾಕಿತು ಅಷ್ಟೆ. ಈ ಕ್ಯಾಮೆರಾಕ್ಕೆ ಐಎಸ್‌ಒ 800 ಸಾಕು, ಹೆಚ್ಚೆಂದರೆ 1600.

ಏಕೆ ಟೆಲಿಸ್ಕೋಪ್ ಬೇಡ

ನಿಮ್ಮ 55–250 ಲೆನ್ಸು 250ರಲ್ಲಿ ಆಕಾಶದ 5.1 × 3.4 ಡಿಗ್ರಿ ಜಾಗವನ್ನು ಹಿಡಿಯುತ್ತದೆ. ದೇವಯಾನಿ (ಆಂಡ್ರೊಮೀಡಾ) ಗೆಲಾಕ್ಸಿಯ ಉದ್ದ 3 ಡಿಗ್ರಿ, ಓರಾಯನ್ ನೀಹಾರಿಕೆ ಸುಮಾರು 1 ಡಿಗ್ರಿ, ಕೃತ್ತಿಕೆಯ ಗುಂಪು 2 ಡಿಗ್ರಿ. ಆಕಾಶದ ಹೆಸರಾಂತ ವಸ್ತುಗಳಲ್ಲಿ ದೊಡ್ಡವೆಲ್ಲ ಈ ಚೌಕಟ್ಟಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತವೆ. 1000 ಮಿ.ಮೀ. ಟೆಲಿಸ್ಕೋಪಿನಲ್ಲಿ ದೇವಯಾನಿ ಪೂರ್ತಿ ಹಿಡಿಸುವುದೇ ಇಲ್ಲ. ಮೇಲಾಗಿ ಫೋಕಲ್ ಲೆಂಗ್ತ್ ನಾಲ್ಕು ಪಟ್ಟಾದರೆ ಟ್ರ್ಯಾಕಿಂಗ್ ತಪ್ಪೂ ನಾಲ್ಕು ಪಟ್ಟು ಎದ್ದು ಕಾಣುತ್ತದೆ. ಅರವತ್ತು ಸಾವಿರಕ್ಕೆ ದೊಡ್ಡ ಕೊಳವೆಯನ್ನು ಬಡಕಲು ಸ್ಟ್ಯಾಂಡಿನ ಮೇಲೆ ಕೂರಿಸಿದ ಸೆಟ್ಟು ಸಿಗುತ್ತದೆ. ಚಂದ್ರ, ಗುರು, ಶನಿ ನೋಡಲು ಅದು ಚೆನ್ನ. ಮಬ್ಬು ವಸ್ತುಗಳ ಫೋಟೊಗೆ ದಂಡ.

5 ಕಿಲೊ ಹೊರುವ ಚಿಕ್ಕ ಟ್ರ್ಯಾಕರ್ ತೆಗೆದುಕೊಳ್ಳಿ. ಸ್ಕೈವಾಚರ್ ಸ್ಟಾರ್ ಅಡ್ವೆಂಚರರ್, ಐಆಪ್ಟ್ರಾನ್ ಸ್ಕೈಗೈಡರ್ ಪ್ರೊ ಈ ಜಾತಿಯವು. ನಿಮ್ಮ ಕ್ಯಾಮೆರಾ-ಲೆನ್ಸ್ ಎರಡೂ ಸೇರಿ ಒಂದು ಕಿಲೊ ದಾಟುವುದಿಲ್ಲ, ಹಾಗಾಗಿ ಭಾರದ ಚಿಂತೆಯಿಲ್ಲ. ಕೊಳ್ಳುವಾಗ ಮೂರು ವಿಷಯ ನೋಡಿ. ಟ್ರ್ಯಾಕರ್ ಕೂರುವ ವೆಡ್ಜ್, ಅಂದರೆ ಅದನ್ನು ಓರೆಯಾಗಿ ನಿಲ್ಲಿಸುವ ತಳ, 12 ಡಿಗ್ರಿವರೆಗೆ ಇಳಿಯಬೇಕು; ಕೆಲವು ಮೌಂಟ್‌ಗಳು 14–15ಕ್ಕೇ ನಿಂತುಬಿಡುತ್ತವೆ. ಎರಡನೆಯದು, ಬಾಲ್‌ಹೆಡ್ (ಕ್ಯಾಮೆರಾವನ್ನು ಎತ್ತ ಬೇಕಾದರೂ ತಿರುಗಿಸುವ ಗುಂಡುಕೀಲು) ನಂಬಬೇಡಿ. 45 ಡಿಗ್ರಿ ಅಕ್ಷಾಂಶದಲ್ಲಿ ಬಾಲ್‌ಹೆಡ್ ಓರೆಯಾಗಿ ನಿಲ್ಲುತ್ತದೆ. ನಮ್ಮಲ್ಲಿ ಟ್ರ್ಯಾಕರಿನ ಅಚ್ಚು (ತಿರುಗುವ ಅಕ್ಷ) ಹೆಚ್ಚುಕಡಿಮೆ ಮಲಗಿರುವುದರಿಂದ ಬಾಲ್‌ಹೆಡ್ ಅಡ್ಡಡ್ಡ ಚಾಚಿಕೊಂಡು, ಕ್ಯಾಮೆರಾ ಅದರ ತುದಿಯಲ್ಲಿ ನೇತಾಡುತ್ತದೆ. ಗಂಟೆಯೊಳಗೆ ಕೂದಲೆಳೆಯಷ್ಟು ಜಾರುತ್ತದೆ, ನೀವು ಟ್ರ್ಯಾಕರನ್ನು ಬೈಯುತ್ತೀರಿ. ಡೆಕ್ಲಿನೇಷನ್ ಬ್ರಾಕೆಟ್ ಎಂದು ಸಿಗುವ ಎಲ್ ಆಕಾರದ ಪಟ್ಟಿಯನ್ನೂ ಪ್ರತಿಭಾರವನ್ನೂ ಜತೆಗೇ ಕೊಳ್ಳಿ. ಮೂರನೆಯದು ಟ್ರೈಪಾಡ್. ಮದುವೆ ವೀಡಿಯೊದವರು ಬಳಸುವಂಥ ದಪ್ಪ ಕಾಲಿನದು ಸಾಕು. ನಡುಗಂಬವನ್ನು ಎತ್ತಬೇಡಿ, ಕಾಲುಗಳನ್ನೂ ಪೂರ್ತಿ ಚಾಚಬೇಡಿ.

ಟ್ರ್ಯಾಕರ್ ಬರುವ ತನಕ ಸುಮ್ಮನೆ ಕೂರಬೇಕಾಗಿಲ್ಲ. 50 ಮಿ.ಮೀ. ಎಫ್/1.8 ಲೆನ್ಸೊಂದನ್ನು ಕೊಂಡು ಅಥವಾ ಎರವಲು ತಂದು, ಎಫ್/2.8ಕ್ಕೆ ಇಟ್ಟು, ಈಗಿರುವ ಟ್ರೈಪಾಡಿನಿಂದಲೇ ಮೂರು ಸೆಕೆಂಡಿನ 300 ಚಿತ್ರ ತೆಗೆದು ಸ್ಟ್ಯಾಕ್ ಮಾಡಿದರೆ (ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿದರೆ) ಓರಾಯನ್ ನೀಹಾರಿಕೆಯ ಗುಲಾಬಿ ಬಣ್ಣ ಬಂದೇ ಬರುತ್ತದೆ. ಪ್ರತಿ 40–50 ಚಿತ್ರಕ್ಕೊಮ್ಮೆ ಕ್ಯಾಮೆರಾವನ್ನು ಮತ್ತೆ ಗುರಿಗೆ ತಿರುಗಿಸಿಕೊಳ್ಳಬೇಕು.

ಕೈಕೆಲಸ ಬರುವವರಾದರೆ ಇನ್ನೊಂದು ಮಾರ್ಗವೂ ಇದೆ: ಎರಡು ಹಲಗೆಗಳ ಟ್ರ್ಯಾಕರ್. 18 ಮಿ.ಮೀ. ಪ್ಲೈವುಡ್ಡಿನ ಎರಡು ಪಟ್ಟಿಗಳನ್ನು ಒಂದು ತುದಿಯಲ್ಲಿ ಅಲುಗಾಡದ ಹಿಂಜಿನಿಂದ ಜೋಡಿಸಿ. ಹಿಂಜಿನ ಕಡ್ಡಿಯ ಮಧ್ಯದಿಂದ ಸರಿಯಾಗಿ 228.6 ಮಿ.ಮೀ. ದೂರದಲ್ಲಿ ಕೆಳಹಲಗೆಗೆ ನಟ್ ಕೂರಿಸಿ, ಎಂ6 ಬೋಲ್ಟ್ ಹಾಕಿ. ಎಂ6 ಬೋಲ್ಟಿನ ಮರೆ (ತಿರುಪಿನ ಎಳೆ) ಒಂದು ಸುತ್ತಿಗೆ 1 ಮಿ.ಮೀ. ಏರುವುದರಿಂದ, ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳುತ್ತದೆ. ಕೈಯಿಂದಾದರೆ 15 ಸೆಕೆಂಡಿಗೊಮ್ಮೆ ಕಾಲು ಸುತ್ತು. ಉತ್ತರಕ್ಕೆ ಮುಖ ಮಾಡಿ ನಿಂತಾಗ ಹಿಂಜ್ ನಿಮ್ಮ ಎಡಗಡೆ ಇರಬೇಕು, ಅದರ ಉತ್ತರದ ತುದಿ 12.3 ಡಿಗ್ರಿ ಮೇಲೆದ್ದಿರಬೇಕು. ಬೋಲ್ಟ್ ಬಲಗಡೆಯಿಂದ ಹಲಗೆಯನ್ನು ಮೇಲಕ್ಕೆ ತಳ್ಳುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಬೋಲ್ಟನ್ನು ಹಿಂದಕ್ಕೆ ಸುತ್ತಿ ಹೊಸದಾಗಿ ಶುರು ಮಾಡಿ. ಹಲಗೆ ತೀರಾ ತೆರೆದುಕೊಂಡರೆ ವೇಗ ತಪ್ಪುತ್ತದೆ. 50 ಮಿ.ಮೀ. ಲೆನ್ಸಿಗೆ ಇದು ಚೆನ್ನಾಗಿ ನಡೆಯುತ್ತದೆ, 250ಕ್ಕೆ ನಡೆಯುವುದಿಲ್ಲ.

ಧ್ರುವ ಕಾಣದೆ ಧ್ರುವಕ್ಕೆ ಗುರಿ

ಟ್ರ್ಯಾಕರಿನ ಅಚ್ಚು ಭೂಮಿಯ ಅಚ್ಚಿಗೆ ಸಮನಾಗಿ ನಿಲ್ಲಬೇಕು. ಮೈಸೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಕೇವಲ 12 ಡಿಗ್ರಿ ಮೇಲೆ, ಅಂದರೆ ಕೈ ಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪವೇ ಎತ್ತರದಲ್ಲಿದೆ. ಮನೆ, ಮರ ಅಡ್ಡ ಬರದಿದ್ದರೂ ಮಬ್ಬಿನಲ್ಲಿ ಮುಳುಗಿರುತ್ತದೆ. ಆದ್ದರಿಂದ ಕೆಳಗಿನ ವಿಧಾನ ನಿಮಗೊಬ್ಬರಿಗೇ ಅಲ್ಲ, ಇಲ್ಲಿನ ಹಲವರಿಗೆ ಬೇಕಾದ್ದು.

ಎಷ್ಟು ಕರಾರುವಾಕ್ಕಾಗಿ ಬೇಕು ಎಂಬುದನ್ನು ಮೊದಲು ತಿಳಿದರೆ ಅರ್ಧ ಭಯ ಹೋಗುತ್ತದೆ. ಅಚ್ಚು 1 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ) ತಪ್ಪಿದ್ದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 0.26 ಆರ್ಕ್‌ಸೆಕೆಂಡ್ ಜರುಗುತ್ತದೆ. 10 ಆರ್ಕ್‌ಮಿನಿಟ್ ತಪ್ಪಿದ್ದರೆ ನಿಮಿಷಕ್ಕೆ 2.6. ನಿಮ್ಮ 250 ಮಿ.ಮೀ. ಲೆನ್ಸಿಗೆ ಅದು ಒಂದು ಪಿಕ್ಸೆಲ್ಲೂ ಅಲ್ಲ. ಅಂದರೆ ಒಂದು ನಿಮಿಷದ ಎಕ್ಸ್‌ಪೋಷರಿಗೆ ಡಿಗ್ರಿಯ ಆರನೇ ಒಂದು ಭಾಗದಷ್ಟು ತಪ್ಪಿದ್ದರೂ ನಡೆಯುತ್ತದೆ. ಧ್ರುವ ನಕ್ಷತ್ರವೇ ನಿಜವಾದ ಧ್ರುವ ಬಿಂದುವಿನಿಂದ ಅರ್ಧ ಡಿಗ್ರಿಗಿಂತ ಹೆಚ್ಚು ದೂರದಲ್ಲಿದೆ. ಅದನ್ನೇ ನೇರ ಗುರಿಯಾಗಿಸಿಕೊಂಡವರಿಗೆ ಇದಕ್ಕಿಂತ ದೊಡ್ಡ ತಪ್ಪು ಬರುತ್ತದೆ.

ಎತ್ತರ ಸುಲಭ. ಬಡಗಿಗಳು ಬಳಸುವ ಡಿಜಿಟಲ್ ಆಂಗಲ್ ಗೇಜ್ ಒಂದನ್ನು ಟ್ರ್ಯಾಕರಿನ ಅಚ್ಚಿಗೆ ಸಮನಾದ ಮೇಲ್ಮೈ ಮೇಲಿಟ್ಟು 12.3ಕ್ಕೆ ತನ್ನಿ. ಅದಕ್ಕೂ ಮೊದಲು ಗೇಜನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟು ಎರಡೂ ಸಲ ಒಂದೇ ಅಂಕಿ ತೋರುತ್ತದೆಯೇ ನೋಡಿ. ತೋರದಿದ್ದರೆ ಅದರ ಸೊನ್ನೆ ಸರಿಯಿಲ್ಲ.

ದಿಕ್ಕಿನದೇ ಕಷ್ಟ. ಮೊಬೈಲ್ ದಿಕ್ಸೂಚಿಯನ್ನು ತಾರಸಿಯಲ್ಲಿ ನಂಬಲೇಬೇಡಿ. ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ನಮ್ಮಲ್ಲಿ 2 ಡಿಗ್ರಿಗಿಂತ ಕಡಿಮೆ ವ್ಯತ್ಯಾಸ, ಅದು ದೊಡ್ಡ ಮಾತಲ್ಲ. ಆದರೆ ಆರ್‌ಸಿಸಿಯೊಳಗಿನ ಕಬ್ಬಿಣ, ನೀರಿನ ಟ್ಯಾಂಕಿನ ಸ್ಟ್ಯಾಂಡು, ಸೋಲಾರ್ ಹೀಟರಿನ ಫ್ರೇಮು ಸೂಜಿಯನ್ನು ಎಲ್ಲೆಲ್ಲಿಗೋ ಎಳೆಯುತ್ತವೆ. ಬದಲಿಗೆ ಸೂರ್ಯನನ್ನು ಬಳಸಿ. ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು, ಸೂರ್ಯ ನೆತ್ತಿಯ ರೇಖೆ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹಾಯುವ ಗೆರೆ) ದಾಟುವ ಕ್ಷಣದಲ್ಲಿ ಅದರ ನೆರಳಿನ ಮೇಲೆ ಗೆರೆ ಎಳೆಯಿರಿ. ಅದೇ ನಿಜವಾದ ಉತ್ತರ–ದಕ್ಷಿಣ. ಆ ಕ್ಷಣ ಗಡಿಯಾರದ 12 ಅಲ್ಲ. ಭಾರತೀಯ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವು 76.6ರಲ್ಲಿದ್ದೇವೆ. ಹಾಗಾಗಿ ಸರಾಸರಿ ಮಧ್ಯಾಹ್ನ 12:23ಕ್ಕೆ. ಅದರ ಮೇಲೆ ವರ್ಷದ ದಿನಕ್ಕೆ ತಕ್ಕ ಏರುಪೇರು: ಡಿಸೆಂಬರ್ ಮೊದಲಲ್ಲಿ 12:12ರ ಆಸುಪಾಸು, ಜನವರಿ ಮಧ್ಯದಲ್ಲಿ 12:33. ಸ್ಟೆಲ್ಲೇರಿಯಂ ಎಂಬ ಆಕಾಶನಕ್ಷೆಯ ತಂತ್ರಾಂಶದಲ್ಲಿ ಊರು ಮೈಸೂರು ಎಂದು ಕೊಟ್ಟು ಸೂರ್ಯನ ಮೇಲೆ ಒತ್ತಿದರೆ ಆ ದಿನದ ಸಮಯ ಸಿಗುತ್ತದೆ. ಜನವರಿಯಲ್ಲಿ ಒಂದು ನಿಮಿಷ ತಪ್ಪಿದರೆ ಗೆರೆ 0.4 ಡಿಗ್ರಿ ತಿರುಗುತ್ತದೆ; ಕ್ಷಣ ನೋಡಿಕೊಂಡೇ ಎಳೆಯಿರಿ. ಏಪ್ರಿಲ್ ಕೊನೆಯ ವಾರ ಹಾಗೂ ಆಗಸ್ಟ್ ಮೂರನೇ ವಾರದ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ ಬರುವುದರಿಂದ ನೆರಳೇ ಸಿಗದು. ಈ ಕೆಲಸವನ್ನು ಚಳಿಗಾಲದಲ್ಲೇ ಮುಗಿಸಿಡಿ.

ರಾತ್ರಿ ಟ್ರ್ಯಾಕರನ್ನು ಈ ಗೆರೆಗೆ ಹೊಂದಿಸಿ, ಟ್ರೈಪಾಡಿನ ಒಂದು ಕಾಲು ಉತ್ತರಕ್ಕೆ ಬರುವಂತೆ ಇಡಿ. ಅಚ್ಚು ಮಲಗಿರುವುದರಿಂದ ಭಾರವೆಲ್ಲ ಉತ್ತರದ ಕಡೆಗೆ ವಾಲಿರುತ್ತದೆ, ಆ ಕಾಲಿಲ್ಲದಿದ್ದರೆ ಮಗುಚುವ ಅಪಾಯವಿದೆ. ಪ್ರತಿಭಾರದ ಕಡ್ಡಿ ಆ ಕಾಲಿಗೆ ಎಲ್ಲಾದರೂ ತಾಗುತ್ತದೆಯೇ ಎಂದು ಬೆಳಕಿರುವಾಗಲೇ ಕೈಯಿಂದ ತಿರುಗಿಸಿ ನೋಡಿಕೊಳ್ಳಿ.

ಇನ್ನು ತಿದ್ದುಪಡಿ. ಕ್ಯಾಮೆರಾವನ್ನು ದಕ್ಷಿಣದ ಕಡೆ ನೆತ್ತಿಗಿಂತ 12 ಡಿಗ್ರಿ ಕೆಳಗೆ, ಅಂದರೆ ಖಗೋಳ ಮಧ್ಯರೇಖೆಯ ಹತ್ತಿರದ ಒಂದು ನಕ್ಷತ್ರಕ್ಕೆ ತಿರುಗಿಸಿ. ಟ್ರ್ಯಾಕಿಂಗ್ ಓಡುತ್ತಿರಲಿ. 5 ಸೆಕೆಂಡಿನ ಒಂದು ಚಿತ್ರ, ಸರಿಯಾಗಿ ಐದು ನಿಮಿಷ ಬಿಟ್ಟು ಇನ್ನೊಂದು. ಎರಡನ್ನೂ ನೂರಕ್ಕೆ ನೂರು ಹಿಗ್ಗಿಸಿ, ಅದೇ ನಕ್ಷತ್ರ ಉತ್ತರ–ದಕ್ಷಿಣವಾಗಿ ಎಷ್ಟು ಪಿಕ್ಸೆಲ್ ಸರಿದಿದೆ ನೋಡಿ. ನಾಲ್ಕರೊಳಗಿದ್ದರೆ ತಪ್ಪು 10 ಆರ್ಕ್‌ಮಿನಿಟ್‌ಗಿಂತ ಕಡಿಮೆ, ಅಲ್ಲಿಗೇ ಬಿಟ್ಟುಬಿಡಿ. ನಕ್ಷತ್ರ ದಕ್ಷಿಣಕ್ಕೆ ಸರಿದಿದ್ದರೆ ಅಚ್ಚು ಪೂರ್ವಕ್ಕೆ ವಾಲಿದೆ, ಪಶ್ಚಿಮಕ್ಕೆ ತಿರುಗಿಸಿ. ಉತ್ತರಕ್ಕೆ ಸರಿದಿದ್ದರೆ ಪೂರ್ವಕ್ಕೆ. ಎತ್ತರವನ್ನೂ ಪರೀಕ್ಷಿಸಬೇಕೆನಿಸಿದರೆ ಪೂರ್ವದಲ್ಲಿ 20–30 ಡಿಗ್ರಿ ಮೇಲಿರುವ ನಕ್ಷತ್ರ ಹಿಡಿಯಿರಿ: ದಕ್ಷಿಣಕ್ಕೆ ಸರಿದರೆ ಅಚ್ಚು ತಗ್ಗಿದೆ, ಉತ್ತರಕ್ಕೆ ಸರಿದರೆ ಎದ್ದಿದೆ. ಚಿತ್ರದಲ್ಲಿ ಯಾವುದು ಉತ್ತರ ಎಂಬ ಗೊಂದಲಕ್ಕೆ ಉಪಾಯ: ಎಕ್ಸ್‌ಪೋಷರ್ ನಡುವೆ ಟ್ರ್ಯಾಕಿಂಗ್ ನಿಲ್ಲಿಸಿದರೆ ಮೂಡುವ ಗೆರೆ ಪೂರ್ವ–ಪಶ್ಚಿಮ. ಲೆನ್ಸನ್ನು ತುಸು ಉತ್ತರಕ್ಕೆ ಓಲಿಸಿದಾಗ ನಕ್ಷತ್ರಗಳು ಚಿತ್ರದಲ್ಲಿ ಯಾವ ಕಡೆಗೆ ಓಡುತ್ತವೋ ಅದು ದಕ್ಷಿಣ.

ಒಮ್ಮೆ ಸರಿಯಾದ ಮೇಲೆ ಮೂರು ಕಾಲುಗಳ ಜಾಗಕ್ಕೂ ಪೇಂಟ್ ಗುರುತು ಹಾಕಿ, ಕಾಲುಗಳ ಉದ್ದವನ್ನೂ ಗುರುತಿಸಿಡಿ. ಮರುದಿನದಿಂದ ಹತ್ತು ನಿಮಿಷದ ಕೆಲಸ. (ಡ್ರಿಲ್ ಹಾಕಿ ಗುಂಡಿ ಮಾಡಬೇಡಿ, ಮಳೆಗಾಲದಲ್ಲಿ ಸೋರುತ್ತದೆ.) ಗುರುತಿನ ಜಾಗ ತಾರಸಿಯ ನಡುಮಧ್ಯೆ ಬೇಡ, ಕೆಳಗೆ ಗೋಡೆಯೋ ತೊಲೆಯೋ ಇರುವ ಕಡೆ ಇರಲಿ. ಸ್ಲ್ಯಾಬಿನ ನಡುವೆ ನೀವು ಓಡಾಡಿದರೂ, ಕೆಳಗೆ ನೀರೆತ್ತುವ ಮೋಟಾರ್ ಹಾಕಿದರೂ ಚಿತ್ರದಲ್ಲಿ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಮೇಲೆ ಒಯ್ಯಲು ಸಿದ್ಧರಿದ್ದರೆ ನೀನಾ ಎಂಬ ಉಚಿತ ತಂತ್ರಾಂಶದ ಮೂರು ಬಿಂದುಗಳ ಹೊಂದಾಣಿಕೆ ಧ್ರುವ ಕಾಣದೆಯೂ ಇದೇ ಕೆಲಸ ಮಾಡಿಕೊಡುತ್ತದೆ.

ತೆಗೆಯುವ ರಾತ್ರಿ

ಕ್ಯಾಮೆರಾ ಎಂ ಮೋಡ್‌ನಲ್ಲಿ, ರಾ ಫೈಲ್, ಐಎಸ್‌ಒ 800, ಲೆನ್ಸಿನ ಎಎಫ್ ಮತ್ತು ಸ್ಟೆಬಿಲೈಸರ್ ಎರಡೂ ಬಂದ್. ಕ್ಯಾಮೆರಾ ಮೆನುವಿನ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಕೂಡ ಬಂದ್; ಅದು ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತಿನ ಕತ್ತಲೆ ಚಿತ್ರ ತೆಗೆದುಕೊಂಡು ಅರ್ಧ ರಾತ್ರಿಯನ್ನೇ ತಿಂದುಬಿಡುತ್ತದೆ. 2.5 ಮಿ.ಮೀ. ಪಿನ್ನಿನ ಇಂಟರ್‌ವಾಲೋಮೀಟರ್ (ಒಂದರ ಹಿಂದೊಂದು ಚಿತ್ರವನ್ನು ತಾನೇ ತೆಗೆಸುವ ರಿಮೋಟ್) ನಿಮ್ಮ ಕ್ಯಾಮೆರಾಕ್ಕೆ ಹಿಡಿಸುತ್ತದೆ, ಅದಿಲ್ಲದೆ ಕೆಲಸ ಸಾಗದು.

ಫೋಕಸ್ಸಿಗೆ ಲುಬ್ಧಕದಂಥ (ಸಿರಿಯಸ್) ಹೊಳೆಯುವ ನಕ್ಷತ್ರ ಹಿಡಿದು, ಲೈವ್ ವ್ಯೂನಲ್ಲಿ 10 ಪಟ್ಟು ಹಿಗ್ಗಿಸಿ, ಚುಕ್ಕೆ ಅತಿ ಚಿಕ್ಕದಾಗುವವರೆಗೆ ತಿರುಗಿಸಿ. ನಂತರ ಫೋಕಸ್ ರಿಂಗಿಗೂ ಜೂಮ್ ರಿಂಗಿಗೂ ಟೇಪ್ ಹಾಕಿ. ಜೂಮ್ ರಿಂಗಿನ ಟೇಪನ್ನು ಮರೆಯಬೇಡಿ: ಓರಾಯನ್ ನೀಹಾರಿಕೆ ನಮ್ಮಲ್ಲಿ 72 ಡಿಗ್ರಿ ಎತ್ತರಕ್ಕೆ ಬರುವುದರಿಂದ ಲೆನ್ಸ್ ಆಕಾಶಕ್ಕೆ ಮುಖಮಾಡಿ ನಿಂತಿರುತ್ತದೆ, ಜೂಮ್ ಕೊಳವೆ ತನ್ನ ಭಾರಕ್ಕೇ ನಿಧಾನವಾಗಿ ಇಳಿಯುತ್ತದೆ. 250ರಲ್ಲಿ ಶುರುವಾದದ್ದು ಮುಗಿಯುವ ಹೊತ್ತಿಗೆ 240 ಆಗಿ, ಫೋಕಸ್ಸೂ ಹೋಗಿರುತ್ತದೆ. ಗಂಟೆಗೊಮ್ಮೆ ಪರೀಕ್ಷಿಸಿ.

ಎಫ್/6.3, 60 ಸೆಕೆಂಡಿನಿಂದ ಆರಂಭಿಸಿ. ಹಿಸ್ಟೋಗ್ರಾಮಿನ (ಚಿತ್ರದ ಕತ್ತಲು-ಬೆಳಕಿನ ಹಂಚಿಕೆಯ ನಕ್ಷೆ) ಗುಡ್ಡ ಎಡದ ಗೋಡೆಯಿಂದ ಬಿಟ್ಟು, ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. ಅರ್ಧ ದಾಟಿದರೆ ಸಮಯ ಕಡಿಮೆ ಮಾಡಿ. ಟ್ರ್ಯಾಕರಿನ ಹಲ್ಲುಚಕ್ರ ಸುಮಾರು ಹತ್ತು ನಿಮಿಷಕ್ಕೊಮ್ಮೆ ಹಿಂದುಮುಂದು ತೂಗುವುದರಿಂದ 250 ಮಿ.ಮೀ.ನಲ್ಲಿ ಕೆಲವು ಚಿತ್ರಗಳು ಪೂರ್ವ–ಪಶ್ಚಿಮವಾಗಿ ಎಳೆದೇ ಬರುತ್ತವೆ. ಅವನ್ನು ಎಸೆಯಿರಿ, ಅದು ಲೆಕ್ಕದೊಳಗಿನ ನಷ್ಟ. ತೀರಾ ಹೆಚ್ಚಾದರೆ 30 ಸೆಕೆಂಡಿಗೆ ಇಳಿಸಿ. ಪೂರ್ವದ ಕಡೆ ಕಾಸಿನಷ್ಟು ಭಾರ ಹೆಚ್ಚಿರುವಂತೆ ತೂಗಿಸಿದರೆ ಹಲ್ಲುಗಳ ನಡುವಿನ ಸಡಿಲ ಅಡಗುತ್ತದೆ.

ಓರಾಯನ್ನಿನ ನಡುಭಾಗ ಬಲು ಹೊಳಪು. 60 ಸೆಕೆಂಡಿನಲ್ಲಿ ಅದು ಬಿಳಿ ಮುದ್ದೆಯಾಗುತ್ತದೆ. ಆದ್ದರಿಂದ 5 ಸೆಕೆಂಡಿನವು 20, 15 ಸೆಕೆಂಡಿನವು 20 ಪ್ರತ್ಯೇಕ ತೆಗೆದಿಟ್ಟುಕೊಂಡು ಕೊನೆಯಲ್ಲಿ ಬೆರೆಸಬೇಕು. ದೇವಯಾನಿಗೆ ಈ ತಾಪತ್ರಯವಿಲ್ಲ.

ಪ್ರತಿ ಹತ್ತು ಚಿತ್ರಕ್ಕೊಮ್ಮೆ ಗುರಿಯನ್ನು 15–20 ಪಿಕ್ಸೆಲ್ ಅತ್ತಿತ್ತ ಸರಿಸಿ. ಹೀಗೆ ಮಾಡದಿದ್ದರೆ ಸೆನ್ಸರಿನ ಕಲೆಗಳು ಆಕಾಶದ ಜರುಗಾಟದೊಂದಿಗೆ ಸೇರಿ, ಚಿತ್ರದುದ್ದಕ್ಕೂ ಓರೆ ಗೀರುಗಳಾಗಿ ಮೂಡುತ್ತವೆ. ಹೊಸಬರ ಚಿತ್ರಗಳನ್ನು ಕೆಡಿಸುವುದರಲ್ಲಿ ಇದಕ್ಕೆ ಮೊದಲ ಸ್ಥಾನ. ಎಷ್ಟು ಚಿತ್ರ ಸೇರಿಸಿದರೂ ಇದು ಹೋಗುವುದಿಲ್ಲ, ಬದಲಿಗೆ ಗಟ್ಟಿಯಾಗುತ್ತದೆ.

ಮುಗಿದ ಮೇಲೆ ಲೆನ್ಸ್ ಮುಚ್ಚಿ, ಅದೇ ಐಎಸ್‌ಒ, ಅದೇ ಸಮಯ, ಅದೇ ತಾರಸಿಯ ತಂಪಿನಲ್ಲಿ 20–30 ಡಾರ್ಕ್ (ಕತ್ತಲೆ) ಚಿತ್ರ ತೆಗೆಯಿರಿ. ಕೋಣೆಯೊಳಗೆ ಬಂದು ತೆಗೆದರೆ ಶಾಖ ಬದಲಾಗಿ ಹೊಂದುವುದಿಲ್ಲ. ಲೆನ್ಸ್ ಮುಚ್ಚಿಟ್ಟೇ 1/4000 ಸೆಕೆಂಡಿನ 50 ಬಯಸ್ (ಸೆನ್ಸರಿನ ಸ್ವಂತ ಗದ್ದಲದ ಚಿತ್ರ). ಬೆಳಗಿನ ಜಾವ ಆಕಾಶ ಬೆಳ್ಳಗಾದಾಗ ಲೆನ್ಸಿನ ಬಾಯಿಗೆ ಬಿಳಿ ಪಂಚೆಯ ಎರಡು ಮಡಿಕೆ ಸುಕ್ಕಿಲ್ಲದೆ ಬಿಗಿದು 25 ಫ್ಲ್ಯಾಟ್ (ಸಮ ಬೆಳಕಿನ ಚಿತ್ರ). ಫೋಕಸ್, ಜೂಮ್, ಅಪರ್ಚರ್ ಯಾವುದನ್ನೂ ಅಲ್ಲಿಯತನಕ ಮುಟ್ಟಬಾರದು. ಊರಿನ ಬೆಳಕಿನಲ್ಲಿ ತೆಗೆದ ಚಿತ್ರಕ್ಕೆ ಫ್ಲ್ಯಾಟ್ ಇಲ್ಲದಿದ್ದರೆ ಮೂಲೆಗಳ ಕಪ್ಪನ್ನೂ ಧೂಳಿನ ಉಂಗುರಗಳನ್ನೂ ಆಮೇಲೆ ಯಾವ ತಂತ್ರಾಂಶವೂ ನೆಟ್ಟಗೆ ತೆಗೆಯದು.

ಡಿಸೆಂಬರ್–ಜನವರಿಯಲ್ಲಿ ಇಬ್ಬನಿ ಕಾಟ. ಮಂಡ್ಯ ಕಡೆ ನಾಲೆ ಬಯಲಿನ ಗದ್ದೆ, ಕಬ್ಬಿನ ನಡುವೆ ಇನ್ನೂ ಜೋರು. ನಕ್ಷತ್ರಗಳ ಸುತ್ತ ಪ್ರಭೆ ಕಾಣತೊಡಗಿದರೆ ಗಾಜು ಮಂಜಾಗಿದೆ ಎಂದರ್ಥ. ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ, ಮತ್ತೆ ಐದೇ ನಿಮಿಷಕ್ಕೆ ಮುಚ್ಚುತ್ತದೆ. ಪವರ್‌ಬ್ಯಾಂಕಿನಿಂದ ಓಡುವ 5 ವೋಲ್ಟಿನ ಹೀಟರ್ ಪಟ್ಟಿಯನ್ನು ಲೆನ್ಸಿನ ಮುಂಭಾಗಕ್ಕೆ ಸುತ್ತಿ, ಕತ್ತಲಾಗುವ ಮೊದಲೇ ಹಚ್ಚಿ.

ತಾರಸಿಯೋ ಪಾಂಡವಪುರವೋ

ಆಕಾಶ 2 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ) ಹೆಚ್ಚು ಬೆಳಗಿದ್ದರೆ ಅದೇ ಗುಣಮಟ್ಟಕ್ಕೆ 6.3 ಪಟ್ಟು ಸಮಯ ಬೇಕು. ತೋಟದ ಒಂದು ಗಂಟೆ ತಾರಸಿಯ ಆರು ಗಂಟೆಗೆ ಸಮ ಎಂದರೆ ಹೋಗುವುದು ಲಾಭವೇ. ಆದರೆ ಯಾವ ವಸ್ತುವಿಗೆ ಎಂಬುದೂ ಮುಖ್ಯ. ಪಾಂಡವಪುರದಿಂದ ಮೈಸೂರು ದಕ್ಷಿಣಕ್ಕೆ ಬೀಳುತ್ತದೆ. ಉತ್ತರದಲ್ಲಿ 61 ಡಿಗ್ರಿ ಏರುವ ದೇವಯಾನಿಗೆ ಆ ತೋಟ ಒಳ್ಳೆಯದು, ನೆತ್ತಿಯ ಹತ್ತಿರದ ಕೃತ್ತಿಕೆ, ಓರಾಯನ್‌ಗೂ ಸರಿ. ದಕ್ಷಿಣದ ವಸ್ತುಗಳಿಗೆ ಅಲ್ಲಿ ನಿಂತರೆ ಶ್ರೀರಂಗಪಟ್ಟಣ, ಮೈಸೂರುಗಳ ಬೆಳಕಿನ ಗುಮ್ಮಟದ ಮೇಲೇ ಗುರಿಯಿಟ್ಟಂತೆ. ಅವಕ್ಕೆ ಊರಿನ ದಕ್ಷಿಣಕ್ಕೆ, ನಂಜನಗೂಡು ದಾಟಿ ಅಥವಾ ಎಚ್.ಡಿ. ಕೋಟೆ ಕಡೆ ಪರಿಚಯದವರ ಜಮೀನು ಹುಡುಕಿ. ಕಾಡಂಚಿಗೆ ಹೋಗಬೇಡಿ. ಕಬ್ಬಿನ ಗದ್ದೆಯ ಪಕ್ಕ ಒಬ್ಬರೇ ಕೂರುವುದೂ ಬೇಡ, ಚಿರತೆಯ ಭಯ ಈ ಸೀಮೆಯಲ್ಲಿ ಕಟ್ಟುಕತೆಯಲ್ಲ. ಕಬ್ಬಿನ ತರಗು ಸುಡುವ, ಆಲೆಮನೆ ಹೊಗೆಯಾಡುವ ದಿನಗಳಲ್ಲಿ ಮಂಡ್ಯದ ಬಯಲಿನ ಆಕಾಶವೂ ಮಂಕು. ಹೊರಡುವ ಮೊದಲು ಅತ್ತೆಯವರಿಗೆ ಫೋನ್ ಮಾಡಿ ಕೇಳಿ.

ದಕ್ಷಿಣದ ವಸ್ತುಗಳು ನಮ್ಮ ಭಾಗ್ಯ. ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ಇಲ್ಲಿ 30 ಡಿಗ್ರಿ ಎತ್ತರಕ್ಕೆ ಬರುತ್ತದೆ, ಕರೀನಾ ನೀಹಾರಿಕೆ 18ಕ್ಕೆ, ಧನು ರಾಶಿಯ ಲಗೂನ್ ನೀಹಾರಿಕೆ 53ಕ್ಕೆ. ಲಂಡನ್ನಿನವರಿಗೆ ಮೊದಲೆರಡು ಹುಟ್ಟುವುದೇ ಇಲ್ಲ. ಕರೀನಾ ಮಾರ್ಚ್ ಮಧ್ಯದಲ್ಲಿ ರಾತ್ರಿ 11:30ರ ಹೊತ್ತಿಗೆ, ಒಮೆಗಾ ಸೆಂಟಾರಿ ಮೇ ಮಧ್ಯದಲ್ಲಿ 10:15ರ ಹೊತ್ತಿಗೆ ನೆತ್ತಿರೇಖೆಗೆ ಬರುತ್ತವೆ. ಲಗೂನ್‌ಗೆ ಮಳೆಗಾಲ ಅಡ್ಡಿ. ಏಪ್ರಿಲ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಏಳಲು ಸಿದ್ಧರಿದ್ದರೆ ಸಿಗುತ್ತದೆ. ದೇವಯಾನಿ ನವೆಂಬರ್ ಮಧ್ಯದಲ್ಲಿ 9:30ಕ್ಕೆ, ಓರಾಯನ್ ಜನವರಿ ಮಧ್ಯದಲ್ಲಿ 10:20ಕ್ಕೆ ಅತಿ ಎತ್ತರ.

ದಿನ ಆರಿಸಲು ಮನೆಯ ಪಂಚಾಂಗ ಸಾಕು. ಕೃಷ್ಣ ಪಕ್ಷದ ಅಷ್ಟಮಿಯಿಂದ ಶುಕ್ಲ ಚೌತಿಯವರೆಗೆ ಮುಸ್ಸಂಜೆಯೋ ಮಧ್ಯರಾತ್ರಿಯೋ ಒಂದು ಹೊತ್ತು ಚಂದ್ರನಿಲ್ಲದೆ ಸಿಗುತ್ತದೆ. ಮೈಸೂರಿನವರಿಗೆ ಮಾತ್ರ ಒಂದು ತೊಡಕು: ನವರಾತ್ರಿ ಮಹಾಲಯ ಅಮಾವಾಸ್ಯೆಯ ಮರುದಿನವೇ ಶುರು. ಕತ್ತಲಿರಬೇಕಾದ ಆ ರಾತ್ರಿಗಳಲ್ಲೇ ದಸರಾ ದೀಪಾಲಂಕಾರ. ಮುಂದಿನ ಅಮಾವಾಸ್ಯೆ ದೀಪಾವಳಿ, ಹೊಗೆ. ಹಾಗಾಗಿ ಊರೊಳಗಿನ ಕೆಲಸ ಕಾರ್ತಿಕ ಮಾಸದ ಕೃಷ್ಣ ಪಕ್ಷದಿಂದ ಎಂದಿಟ್ಟುಕೊಳ್ಳಿ.

ಬೆಳಕು ತಡೆಯುವ ಫಿಲ್ಟರಿಗೆ ಈಗ ದುಡ್ಡು ಹಾಕಬೇಡಿ. ಹಳೆಯ ಹಳದಿ ಸೋಡಿಯಂ ದೀಪದ ಬೆಳಕು ಕೆಲವೇ ಅಲೆಯುದ್ದಗಳಲ್ಲಿತ್ತು, ಸೋಸಬಹುದಿತ್ತು. ಎಲ್‌ಇಡಿ ಬಣ್ಣಪಟ್ಟಿಯ ಉದ್ದಕ್ಕೂ ಹರಡಿದೆ. ಗೆಲಾಕ್ಸಿಯ ಬೆಳಕೂ ಹಾಗೆಯೇ, ಒಂದನ್ನು ತಡೆದರೆ ಇನ್ನೊಂದೂ ಹೋಗುತ್ತದೆ. ಕೆಂಪು ನೀಹಾರಿಕೆಗಳ 656.3 ನ್ಯಾನೋಮೀಟರ್ ಬೆಳಕಿಗೆ ದ್ವಿಪಟ್ಟಿ ಫಿಲ್ಟರ್ (ಎರಡೇ ಬಣ್ಣದ ಪಟ್ಟಿಗಳನ್ನು ಒಳಬಿಡುವಂಥದು) ಉಪಯುಕ್ತ, ಆದರೆ ನಿಮ್ಮ ಕ್ಯಾಮೆರಾದೊಳಗಿನ ಗಾಜು ಆ ಬೆಳಕಿನ ಬಹುಪಾಲನ್ನು ಮೊದಲೇ ತಡೆಯುತ್ತದೆ. ಅದೇ ಕಾರಣಕ್ಕೆ ಕುದುರೆತಲೆ, ರೋಸೆಟ್ ನೀಹಾರಿಕೆಗಳನ್ನು ಮೊದಲ ವರ್ಷ ಮುಟ್ಟಬೇಡಿ. ತಾರಸಿಯಿಂದ ಎರಡು ಗಂಟೆಯಲ್ಲಿ ಓರಾಯನ್ ರೆಕ್ಕೆಗಳ ಸಮೇತ ಬರುತ್ತದೆ. ದೇವಯಾನಿಯ ನಡುಭಾಗ, ಒಂದು ಧೂಳಿನ ಪಟ್ಟಿ, ಪಕ್ಕದ ಎರಡು ಮರಿ ಗೆಲಾಕ್ಸಿಗಳು ಬರುತ್ತವೆ. ಹೊರ ಸುರುಳಿಗಳಿಗೆ ತೋಟವೇ ಬೇಕು.

ಚಿತ್ರಗಳನ್ನು ಜೋಡಿಸಲು ಸಿರಿಲ್ ಎಂಬ ತಂತ್ರಾಂಶ ಸಾಕು, ಉಚಿತ. ಲೈಟ್ (ಆಕಾಶದ ಚಿತ್ರಗಳು), ಡಾರ್ಕ್, ಫ್ಲ್ಯಾಟ್, ಬಯಸ್ ಎಂದು ನಾಲ್ಕು ಫೋಲ್ಡರುಗಳಲ್ಲಿ ಹಾಕಿ ಅದರಲ್ಲೇ ಇರುವ ಬಣ್ಣದ ಕ್ಯಾಮೆರಾದ ಸ್ಕ್ರಿಪ್ಟ್ ಓಡಿಸಿ. 120 ಚಿತ್ರಗಳಿಗೆ ಡಿಸ್ಕಿನಲ್ಲಿ 100 ಜಿಬಿ ಖಾಲಿ ಇರಲಿ. ಬಣ್ಣ ಬಿಡಿಸಿದ ಒಂದೊಂದು ಫೈಲೇ ಸುಮಾರು 290 ಎಂಬಿ ಆಗುತ್ತದೆ, ಅರ್ಧದಲ್ಲಿ ನಿಂತರೆ ಕಾರಣ ಹೆಚ್ಚಾಗಿ ಇದೇ. ಉಪಗ್ರಹ, ವಿಮಾನದ ಗೆರೆಗಳು ಇಪ್ಪತ್ತಕ್ಕಿಂತ ಹೆಚ್ಚು ಚಿತ್ರಗಳಿದ್ದರೆ ತಾವೇ ಮಾಯವಾಗುತ್ತವೆ. ಆಮೇಲಿನ ಕ್ರಮ ತಪ್ಪಿಸಬೇಡಿ: ಅಂಚು ಕತ್ತರಿಸಿ, ಹಿನ್ನೆಲೆಯ ಬೆಳಕನ್ನು ಕಳೆದು, ನಂತರ ಬಣ್ಣ ಸರಿಪಡಿಸಿ, ಕೊನೆಗೆ ಮಬ್ಬು ಭಾಗಗಳ ಹೊಳಪನ್ನು ಹಿಗ್ಗಿಸಿ. ಹಿನ್ನೆಲೆ ಕಳೆಯಲು ಇಡುವ ಚುಕ್ಕೆಗಳಲ್ಲಿ ಒಂದೂ ನೀಹಾರಿಕೆಯ ಮೇಲೆ ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಅದನ್ನೇ ಊರಿನ ಬೆಳಕೆಂದು ತಿಳಿದು ಅಳಿಸಿಬಿಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸ್‌ಗಳನ್ನು ಬೀರುವಿನಲ್ಲಿ ಚರ್ಮದ ಚೀಲದೊಳಗೆ ಬಿಡಬೇಡಿ, ಶಿಲೀಂಧ್ರ ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ. ಅಂಕಿ 45ರ ಆಸುಪಾಸಿನಲ್ಲಿರಲಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು, ಆ ಬಾಣಲೆಯನ್ನು ಅಡುಗೆಗೆ ವಾಪಸ್ ಕೊಡಬೇಡಿ.